ಸಹಾಯ ಬೇಕು: ಕೋರ್ಟಿನ ಮಧ್ಯಸ್ಥಿಕೆಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ನಮಸ್ಕಾರ. ನಾನು ಸೇಡಂ ಕಡೆಯವಳು. ಮಗ ಯಾರ ಹತ್ತಿರ ಇರಬೇಕು ಅನ್ನೋ ಕೇಸು ಕಲಬುರಗಿಯ ಕೌಟುಂಬಿಕ ನ್ಯಾಯಾಲಯದಲ್ಲಿದೆ. ಜಡ್ಜ್ ನಮ್ಮಿಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿದ್ದಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತೆ, ಒಪ್ಪಂದ ಆಗದಿದ್ದರೆ ಕೇಸು ವಾಪಸ್ ಜಡ್ಜ್ ಮುಂದೆ ಹೋಗುತ್ತೆ, ಇಷ್ಟು ಗೊತ್ತು. ವಕೀಲರಿಗಾಗಿ ಕಾನೂನು ಸೇವೆಯ 15100ಕ್ಕೂ ಫೋನ್ ಮಾಡಿದ್ದೇನೆ, ಹೆಣ್ಣುಮಕ್ಕಳಿಗೆ ಅದು ಉಚಿತ.

ಭಾನುವಾರ ಅಪ್ಪ ಬರ್ತಾರೆ ಅಂದ್ರೆ ಮಗ ಬೆಳಗ್ಗೆಯಿಂದ ಚಪ್ಪಲಿ ಹಾಕಿಕೊಂಡು ಹೊಸ್ತಿಲ ಹತ್ತಿರವೇ ಕೂತಿರುತ್ತಾನೆ. ಏಳು ವರ್ಷ ಅವನಿಗೆ. ಅಪ್ಪನಿಂದ ದೂರ ಮಾಡುವ ಆಸೆ ನನಗಿಲ್ಲ. ಶಾಲೆ ಬದಲಾಗಬಾರದು, ರಾತ್ರಿ ನನ್ನ ಪಕ್ಕ ಮಲಗಬೇಕು, ಅಷ್ಟೇ.

ದಸರಾ, ಬೇಸಿಗೆ ರಜೆ ನೀವು ಹೇಗೆ ಹಂಚಿಕೊಂಡಿರಿ? ಒಪ್ಪಂದದಲ್ಲಿ ಏನೇನು ಬರೆಸಬೇಕು? ಮಗನನ್ನೂ ಕರೆದುಕೊಂಡು ಹೋಗಬೇಕಾ? ಅಕ್ಕಂದಿರು, ಅಣ್ಣಂದಿರು ದಯವಿಟ್ಟು ಹೇಳಿ. ಸೋಮವಾರವೇ ಮೊದಲ ಸಿಟ್ಟಿಂಗ್ ಇದೆ.