ವಿಲ್ಮ್ಸ್ ಗೆಡ್ಡೆ: ಕೀಮೋ ಆದ ವಾರದಲ್ಲಿ ಹೊಟ್ಟೆ ಉಬ್ಬಿ ಪ್ಲೇಟ್‌ಲೆಟ್ ಏರದಿದ್ದರೆ?

ಮಕ್ಕಳ ವೈದ್ಯ, ಹೊಳಲ್ಕೆರೆ
ಮೂರು ವರ್ಷದ ಮಗು, 12 ಕೆ.ಜಿ. ಬಲ ಕಿಡ್ನಿಯಲ್ಲಿ ವಿಲ್ಮ್ಸ್ ಗೆಡ್ಡೆ (ಮಕ್ಕಳ ಕಿಡ್ನಿ ಕ್ಯಾನ್ಸರ್), ಆಪರೇಷನ್ ಇನ್ನೂ ಆಗಿಲ್ಲ. ಬೆಂಗಳೂರಲ್ಲಿ ವಿನ್‌ಕ್ರಿಸ್ಟಿನ್, ಆಕ್ಟಿನೊಮೈಸಿನ್-ಡಿ ಎಂಬ ಎರಡು ಕೀಮೋ ಔಷಧಿ ಹಾಕಿಸಿಕೊಂಡು ಬಂದು ಎಂಟನೇ ದಿನ. ತೂಕ 12.8, ಲಿವರ್ ಊದಿ ಕೈಗೆ ಸಿಗುತ್ತಿದೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 16,000, ಹೊರಗಿನಿಂದ ಹಾಕಿದರೂ ಏರಿಲ್ಲ. ಕಾಮಾಲೆ ಅಳೆಯುವ ಬಿಲಿರುಬಿನ್ 1.4 ಅಷ್ಟೇ. ಕೀಮೋದ ಮಾಮೂಲಿ ಇಳಿತ ಅಂತ ಎರಡು ದಿನ ನೋಡಬಹುದಾ?

ಮಕ್ಕಳ ಕ್ಯಾನ್ಸರ್ ವೈದ್ಯೆ, ದಾವಣಗೆರೆ
ನೋಡಬೇಡಿ ಸರ್, ಇವತ್ತೇ ಕಳಿಸಿ. ಆಕ್ಟಿನೊಮೈಸಿನ್‌ಗೆ ಲಿವರ್‌ನ ಸೂಕ್ಷ್ಮ ರಕ್ತನಾಳಗಳ ಒಳಪದರ ಕೆಟ್ಟು ದಾರಿ ಕಟ್ಟುತ್ತದೆ. ಇದಕ್ಕೆ ಎಸ್‌ಓಎಸ್ (ಸೈನುಸಾಯ್ಡಲ್ ಅಬ್‌ಸ್ಟ್ರಕ್ಷನ್ ಸಿಂಡ್ರೋಮ್) ಅನ್ನುತ್ತಾರೆ, ಹಳೆಯ ಹೆಸರು ವಿಓಡಿ. ರಕ್ತ ಮುಂದೆ ಹೋಗದೆ ಲಿವರ್ ಊದುತ್ತದೆ, ಹೊಟ್ಟೆಯಲ್ಲಿ ನೀರು ಸೇರುತ್ತದೆ, ಹಾಕಿದ ಪ್ಲೇಟ್‌ಲೆಟ್ ಅಲ್ಲೇ ಖರ್ಚಾಗುತ್ತದೆ. ಬಿಲಿರುಬಿನ್ 2 ದಾಟಲಿ ಅನ್ನುವುದು ದೊಡ್ಡವರ ಲೆಕ್ಕ. ಮಕ್ಕಳಲ್ಲಿ ಕಣ್ಣು ಹಳದಿಯಾಗದೆಯೂ ಇದು ಬರುತ್ತದೆ. ತೂಕ 5% ಏರಿದರೇ ಎಚ್ಚರಿಕೆ. ಈ ಮಗುವಿಗೆ ಅದು 600 ಗ್ರಾಂ, ಆಗಲೇ ದಾಟಿದೆ.

ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿಸಿ, ಆದರೆ ನಾರ್ಮಲ್ ಬಂತೆಂದು ನಿರಾಳವಾಗಬೇಡಿ: ಪೋರ್ಟಲ್ ರಕ್ತ, ಅಂದರೆ ಕರುಳಿನಿಂದ ಲಿವರ್‌ಗೆ ಬರುವ ರಕ್ತ, ಹಿಮ್ಮುಖವಾಗುವುದು ತಡವಾಗಿ. ಬಲಗಡೆಯ ಗೆಡ್ಡೆ ಆದ್ದರಿಂದ ಐವಿಸಿ (ಹೊಟ್ಟೆಯಿಂದ ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳ) ಮತ್ತು ಹೆಪಾಟಿಕ್ ವೇನ್‌ಗಳಲ್ಲಿ (ಲಿವರ್‌ನಿಂದ ಹೊರಡುವ ನಾಳಗಳು) ಗೆಡ್ಡೆಯ ತುಂಡು ಕೂತಿದೆಯಾ ಅಂತಲೂ ನೋಡಲು ಹೇಳಿ. ಅದೂ ಹೀಗೇ ಕಾಣಿಸುತ್ತದೆ.

ದಿನಕ್ಕೆ ಎರಡು ಸಲ ಒಂದೇ ತಕ್ಕಡಿಯಲ್ಲಿ ತೂಕ, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ, ಮೂತ್ರದ ಲೆಕ್ಕ ನೋಡಿ; ಜೊತೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ). ಡ್ರಿಪ್ ಕಡಿಮೆ ಮಾಡಿ, ಮೂತ್ರ ಹೆಚ್ಚಿಸುವ ಸ್ಪೈರನೊಲ್ಯಾಕ್ಟೋನ್ ಕೊಡಬಹುದು. ನೀರು ಇಳಿಸುವ ಆತುರದಲ್ಲಿ ಮೂತ್ರ ಹೆಚ್ಚಿಸುವ ಇನ್ನೊಂದು ಔಷಧಿ ಫ್ಯೂರೋಸೆಮೈಡ್ ಜಾಸ್ತಿಯಾದರೆ ಉಳಿದ ಒಳ್ಳೆಯ ಕಿಡ್ನಿಗೆ ಪೆಟ್ಟು. ತೀವ್ರವಾದರೆ ಎಸ್‌ಓಎಸ್‌ನ ಔಷಧಿ ಡಿಫೈಬ್ರೋಟೈಡ್, ಕೆ.ಜಿ.ಗೆ 6.25 ಮಿ.ಗ್ರಾಂ, ಆರು ಗಂಟೆಗೊಮ್ಮೆ. ಇಲ್ಲಿ ಒಂದು ಡೋಸ್ 75 ಮಿ.ಗ್ರಾಂ. ರಕ್ತಸ್ರಾವ ಇದ್ದರೆ ಬೇಡ.

ಕೀಮೋ ಫಾರ್ಮಸಿಸ್ಟ್, ದಾವಣಗೆರೆ
ಆಕ್ಟಿನೊಮೈಸಿನ್ ಡೋಸ್ ತಪ್ಪಿತ್ತಾ ಅಂತಲೂ ನೋಡಿ. ಸಿಂಗಲ್ ಡೋಸ್ ಆದರೆ ಕೆ.ಜಿ.ಗೆ 45 ಮೈಕ್ರೋಗ್ರಾಂ, ಅಂದರೆ ಈ ಮಗುವಿಗೆ 540. ವಯಲ್‌ನಲ್ಲಿ (ಔಷಧಿಯ ಪುಟ್ಟ ಸೀಸೆ) ಇರುವುದೇ 500. ಎರಡು ವಯಲ್ ಪೂರ್ತಿ ಹೋಗಿದ್ದರೆ ಹೆಚ್ಚುಕಮ್ಮಿ ಎರಡು ಪಟ್ಟು. ಅಮೆರಿಕದ ವಿಲ್ಮ್ಸ್ ಅಧ್ಯಯನ ಎನ್‌ಡಬ್ಲ್ಯೂಟಿಎಸ್-4ರಲ್ಲಿ ಮೊದಲು ಕೆ.ಜಿ.ಗೆ 60 ಕೊಟ್ಟು, ಲಿವರ್ ಕೆಡುತ್ತಿದೆಯೆಂದೇ 45ಕ್ಕೆ ಇಳಿಸಿದರು. ವರ್ಷ ತುಂಬದ ಮಗುವಿಗೆ ಅರ್ಧ.

ಮಕ್ಕಳ ವೈದ್ಯ, ಹೊಳಲ್ಕೆರೆ
ಆಂಬುಲೆನ್ಸ್‌ಗೆ ಹೇಳಿದ್ದೇನೆ. ಮನೆಯಲ್ಲಿ ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದರಂತೆ. ನಾಳಿನ ವಿನ್‌ಕ್ರಿಸ್ಟಿನ್?

ಮಕ್ಕಳ ಕ್ಯಾನ್ಸರ್ ವೈದ್ಯೆ, ದಾವಣಗೆರೆ
ಕಷಾಯ ನಿಲ್ಲಿಸಿ; ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟದ್ದು ನಮ್ಮ ದೇಶದಲ್ಲೇ ವರದಿಯಾಗಿದೆ. ಬೈಯಬೇಡಿ, ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ವಿನ್‌ಕ್ರಿಸ್ಟಿನ್ ದೇಹದಿಂದ ಹೋಗುವುದು ಲಿವರ್ ಮೂಲಕವೇ, ನಾಳೆ ಬೇಡ. ಆಕ್ಟಿನೊಮೈಸಿನ್ ಅಂತೂ ಪೂರ್ತಿ ಚೇತರಿಸಿದ ಮೇಲೆ, ಅದೂ ಅರ್ಧ ಡೋಸ್‌ನಿಂದ. ಮತ್ತೆ ಬಂದರೆ ಅದನ್ನು ಬಿಟ್ಟೇಬಿಡುತ್ತಾರೆ. ಕಾಗದದಲ್ಲಿ ಕೊನೆಯ ಡೋಸ್‌ನ ತಾರೀಖು, ಮೈಕ್ರೋಗ್ರಾಂ, ಕೀಮೋಗೆ ಮೊದಲಿನ ತೂಕ, ಕಷಾಯ ಎಷ್ಟು ದಿನ ಕೊಟ್ಟರು, ಎಲ್ಲ ಬರೆದು ಕಳಿಸಿ.