ತುರ್ತು ಸೇವೆಯ ಕೆಲಸಕ್ಕೆ ಸ್ವಂತ ಹಣದಲ್ಲಿ ವಾಕಿ ಟಾಕಿ ಕೊಳ್ಳಬಹುದೇ?

ಪಶ್ಚಿಮವಾಹಿನಿ (ಶ್ರೀರಂಗಪಟ್ಟಣ):

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಂಗಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ ಮತ್ತು ನಾಲ್ಕು ವರ್ಷಗಳಿಂದ ಗೃಹರಕ್ಷಕ ದಳದಲ್ಲಿ ಸೇವೆ ಸಲ್ಲಿಸುತ್ತಿದ್ದೇನೆ. ದಸರಾ ಬಂದೋಬಸ್ತಿಗೂ, ಕನ್ನಂಬಾಡಿಯಿಂದ ಹೆಚ್ಚು ನೀರು ಹೊರಬಿಟ್ಟಾಗ ಹೊಳೆಯ ದಡದಲ್ಲಿ ಜನರನ್ನು ತಡೆಯುವ ಕೆಲಸಕ್ಕೂ ನಮ್ಮನ್ನು ಕರೆಯುತ್ತಾರೆ.

ಕಳೆದ ಮಳೆಗಾಲದ ಒಂದು ಸಂಗತಿಯಿಂದ ಈ ಪ್ರಶ್ನೆ ಹುಟ್ಟಿದೆ. ಸ್ನಾನಘಟ್ಟದ ಕೆಳಮೆಟ್ಟಿಲುಗಳ ಬಳಿ ನಾನೊಬ್ಬನೇ ನಿಂತಿದ್ದೆ. ನೀರು ಒಂದೊಂದೇ ಮೆಟ್ಟಿಲನ್ನು ನುಂಗುತ್ತಾ ಮೇಲೇರುತ್ತಿತ್ತು. ಅಸ್ಥಿ ವಿಸರ್ಜನೆಗೆಂದು ದೂರದಿಂದ ಬಂದಿದ್ದ ಕುಟುಂಬವೊಂದು ಎಷ್ಟು ಹೇಳಿದರೂ ಮೇಲೆ ಬರಲು ಒಪ್ಪಲಿಲ್ಲ. ನಮ್ಮ ತಂಡಕ್ಕಿದ್ದ ಒಂದೇ ವಾಕಿ ಟಾಕಿ ರಸ್ತೆಯ ಬಳಿ ನಿಂತಿದ್ದ ಹಿರಿಯರ ಕೈಯಲ್ಲಿತ್ತು. ಮೊಬೈಲಿನಿಂದ ನಾಲ್ಕು ಸಲ ಕರೆ ಮಾಡಿದರೂ ತಾಗಲಿಲ್ಲ. ಕೊನೆಗೆ ಅವರನ್ನು ಅಲ್ಲಿಯೇ ಬಿಟ್ಟು ಓಡಿಹೋಗಿ ಇಬ್ಬರನ್ನು ಕರೆತಂದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಬೆನ್ನು ತಿರುಗಿಸಿದ ಆ ಎರಡು ಮೂರು ನಿಮಿಷಗಳು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಆದ್ದರಿಂದ ಸ್ವಂತಕ್ಕೆ ಒಂದು ಸೆಟ್ ಕೊಳ್ಳಬೇಕೆಂದಿದ್ದೇನೆ. ಎರಡು ಮೂರು ಸಾವಿರ ರೂಪಾಯಿಗೆ 5 ವ್ಯಾಟಿನ ಸೆಟ್‌ಗಳು ಆನ್‌ಲೈನಿನಲ್ಲಿ ಕಾಣುತ್ತವೆ. ಪರಿಚಿತರೊಬ್ಬರು, ನಿಮ್ಮ ಚಾನೆಲ್ಲನ್ನು ಅದಕ್ಕೆ ಹಾಕಿಕೊಡುವವರು ಇದ್ದಾರೆ ಎನ್ನುತ್ತಾರೆ. ಹೀಗೆ ಮಾಡಬಹುದೇ? ಫ್ರೀಕ್ವೆನ್ಸಿ ಕಡಿಮೆಯಿರುವ ವಿಎಚ್‌ಎಫ್ ಒಳ್ಳೆಯದೋ, ಹೆಚ್ಚಿರುವ ಯುಎಚ್‌ಎಫ್ ಒಳ್ಳೆಯದೋ? ಡಬ್ಬಿಯ ಮೇಲೆ ಬರೆದಿರುವ 10 ಕಿಲೋಮೀಟರ್ ನಿಜವೇ? ತಿಳಿದವರು ದಯವಿಟ್ಟು ಹೇಳಿ.

ನಿಸ್ತಂತು_ನಿವೃತ್ತ (ಮೈಸೂರು):

ಸ್ನಾನಘಟ್ಟದಲ್ಲಿ ನೀವು ಪಟ್ಟ ಕಳವಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಸೇವಾವಧಿಯ ಬಹುಭಾಗವನ್ನು ನಿಸ್ತಂತು ವಿಭಾಗದಲ್ಲಿಯೇ ಕಳೆದವನು. ಆ ಅನುಭವದಿಂದಲೇ ಹೇಳುತ್ತಿದ್ದೇನೆ: ನೀವು ಹೇಳಿದ ರೀತಿಯಲ್ಲಿ ಕೊಳ್ಳಬೇಡಿ.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ 1933ರ ನಿಸ್ತಂತು ಕಾಯ್ದೆಯ ಕಾಲದಿಂದಲೂ, ಪರವಾನಗಿಯಿಲ್ಲದೆ ಇಂಥ ಸೆಟ್ಟನ್ನು ಬಳಸುವುದು ಮಾತ್ರವಲ್ಲ, ಹತ್ತಿರ ಇಟ್ಟುಕೊಳ್ಳುವುದೂ ಅಪರಾಧವೇ. 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣವನ್ನು ಹೊಂದಿರುವುದಕ್ಕೆ ಅಧಿಕೃತ ಅನುಮತಿ ಬೇಕೆಂದೇ ಹೇಳುತ್ತದೆ. ಸಮವಸ್ತ್ರ ತೊಟ್ಟಿದ್ದೇವೆ, ಒಳ್ಳೆಯ ಕೆಲಸಕ್ಕೆ ಬಳಸುತ್ತೇವೆ ಎಂಬುದು ಅನುಮತಿಯಾಗುವುದಿಲ್ಲ. ಇಲಾಖೆಗೆ ಹಂಚಿಕೆಯಾದ ಆವರ್ತನ, ಅಂದರೆ ಫ್ರೀಕ್ವೆನ್ಸಿ, ಇಲಾಖೆಯ ಸೆಟ್‌ಗಳಿಗೆ ಮಾತ್ರ ಸೇರಿದ್ದು. ಅದನ್ನು ಹೊರಗಿನವರೊಬ್ಬರು ನಿಮ್ಮ ಸೆಟ್ಟಿಗೆ ಹಾಕಿಕೊಟ್ಟರೆ ಅವರೂ ತಪ್ಪಿತಸ್ಥರು, ನೀವೂ ತಪ್ಪಿತಸ್ಥರು. ಜಾಲ ಡಿಜಿಟಲ್ ಆಗಿದ್ದರಂತೂ ನೀವು ಹೇಳುವ ಅಗ್ಗದ ಅನಲಾಗ್ ಸೆಟ್ಟಿನಲ್ಲಿ ಗರಗರ ಸದ್ದಿನ ಹೊರತು ಏನೂ ಕೇಳುವುದಿಲ್ಲ.

ನೀವು ಬಹುಶಃ ಅಮೆರಿಕದವರ ವಿಡಿಯೊಗಳನ್ನು ನೋಡಿರಬಹುದು. ಅಲ್ಲಿ ಸ್ವಯಂಸೇವಕ ಅಗ್ನಿಶಾಮಕರು ತಮ್ಮ ಹಣದಲ್ಲಿ ಸೆಟ್ ಕೊಳ್ಳುವುದುಂಟು. ಅಲ್ಲಿಯೂ ಆವರ್ತನದ ಪರವಾನಗಿ ಇಲಾಖೆಯ ಹೆಸರಿನಲ್ಲಿರುತ್ತದೆ, ಮುಖ್ಯಸ್ಥರ ಒಪ್ಪಿಗೆ ಬೇಕಾಗುತ್ತದೆ, ಸೆಟ್ಟಿಗೆ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಪಾರ್ಟ್ 90 ನಿಯಮಗಳ ಪ್ರಮಾಣೀಕರಣ ಇರಬೇಕಾಗುತ್ತದೆ. ಆ ಪದ್ಧತಿಯನ್ನು ಇಲ್ಲಿಗೆ ಅನ್ವಯಿಸಿಕೊಂಡು ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನು ಕಾನೂನಿಗಿಂತಲೂ ನನಗೆ ಮುಖ್ಯವಾಗಿ ಕಾಣುವ ಕಾರಣ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಲು ಸಾಧ್ಯ. ಒಮ್ಮೆ ದೊಡ್ಡ ಜನಸಂದಣಿಯ ಕರ್ತವ್ಯದಲ್ಲಿ ನಮ್ಮ ಚಾನೆಲ್ ಇದ್ದಕ್ಕಿದ್ದಂತೆ ಕಟ್ಟಿಹೋಯಿತು. ಯಾರು ಗುಂಡಿ ಒತ್ತಿದರೂ ಮಾತು ಹೋಗುತ್ತಿರಲಿಲ್ಲ. ಎಲ್ಲರ ಸೆಟ್ಟಿನಲ್ಲಿಯೂ ಕಾವಲಿಯ ಮೇಲೆ ದೋಸೆ ಹುಯ್ಯುವ ಚುರ್ ಸದ್ದು, ಲೋಟ ತೊಳೆಯುವ ಸದ್ದು, ಯಾರೋ ಚಿಲ್ಲರೆ ಕೇಳುವ ದನಿ. ಅನುಮತಿಯಿಲ್ಲದ ಸೆಟ್ಟೊಂದನ್ನು ಪ್ಯಾಂಟಿನ ಹಿಂಜೇಬಿನಲ್ಲಿ ಇಟ್ಟುಕೊಂಡು ಯಾರೋ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದರು, ಮಾತಿನ ಗುಂಡಿ ಒತ್ತಿಕೊಂಡೇ ಇತ್ತು. ಇಲಾಖೆಯ ಸೆಟ್ ಆಗಿದ್ದರೆ ಯಾರಿಗೆ ಕೊಟ್ಟಿದ್ದೇವೆಂದು ಪುಸ್ತಕದಲ್ಲಿ ನೋಡಿ ಆಳು ಕಳುಹಿಸಬಹುದಿತ್ತು. ಇದು ಯಾರದೆಂದು ಹುಡುಕುವುದು ಹೇಗೆ? ಬ್ಯಾಟರಿ ಮುಗಿಯುವವರೆಗೆ ಕಾದೆವು. ಅಷ್ಟು ಹೊತ್ತು ಒಬ್ಬ ತಾಯಿ ಕಳೆದುಹೋದ ಮಗುವಿಗಾಗಿ ನಮ್ಮ ಮುಂದೆಯೇ ನಿಂತು ಅಳುತ್ತಿದ್ದರು, ನಾವು ಆ ಮಗುವಿನ ಅಂಗಿಯ ಬಣ್ಣವನ್ನು ಯಾರಿಗೂ ಹೇಳಲಾಗಲಿಲ್ಲ. ಮಗು ಸಂಜೆ ಸಿಕ್ಕಿತು.

ನೀವು ಮಾಡಬೇಕಾದದ್ದು ಇಷ್ಟು: ಸ್ನಾನಘಟ್ಟದ ಘಟನೆಯನ್ನು ದಿನಾಂಕ, ಸಮಯ, ನಿಂತಿದ್ದ ಸ್ಥಳ ಸಹಿತ ಬರೆದು, ನೀರಿನ ಅಂಚಿನಲ್ಲಿ ನಿಲ್ಲುವವರಿಗೆ ಎರಡನೆಯ ಸೆಟ್ ಬೇಕೆಂದು ಘಟಕಾಧಿಕಾರಿಗಳಿಗೆ ಮನವಿ ಕೊಡಿ. ಬಾಯಿಮಾತಿನಲ್ಲಿ ಕೇಳಿದ್ದು ಅಲ್ಲಿಯೇ ಉಳಿಯುತ್ತದೆ; ಬರವಣಿಗೆಯಲ್ಲಿ ಕೊಟ್ಟದ್ದಕ್ಕೆ ಉತ್ತರ ಬರಲೇಬೇಕಾಗುತ್ತದೆ.

ಹ್ಯಾಮ್_ಕುವೆಂಪುನಗರ (ಮೈಸೂರು):

ಮೇಲಿನ ಹಿರಿಯರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಅವರು ಬಿಟ್ಟ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

10 ಕಿಲೋಮೀಟರ್ ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ನಮ್ಮ ನೆಲಕ್ಕೆ ಸೇರಿದ್ದೂ ಅಲ್ಲ. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತವೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅದರ ದಿಗಂತ ಎಷ್ಟು ಕಿಲೋಮೀಟರ್ ಎಂಬುದು ಸುಮಾರಾಗಿ ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದವರಿಗೆ 5 ಕಿಲೋಮೀಟರ್, ಎದುರಿನವರಿಗೂ 5, ಕೂಡಿಸಿದರೆ 10. ನಡುವೆ ಒಂದು ಮರವೂ ಗೋಡೆಯೂ ಇಲ್ಲದ ಬಟಾಬಯಲಿನ ಲೆಕ್ಕವದು. ದೇವರಾಜ ಮಾರುಕಟ್ಟೆಯ ಸುತ್ತ ಅದೇ ಸೆಟ್ ಕೆಲವು ನೂರು ಮೀಟರಿಗೆ ತೊದಲಬಹುದು. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಮೇಲಿರುವ ಚಾಮುಂಡಿ ಬೆಟ್ಟದ ತುದಿಗೆ ಇದೇ ಲೆಕ್ಕ ಹಾಕಿ ನೋಡಿ, ದಿಗಂತ 70 ಕಿಲೋಮೀಟರ್ ದಾಟುತ್ತದೆ. ರಿಪೀಟರನ್ನು ಎತ್ತರದಲ್ಲಿ ಇಡುವುದು ಇದಕ್ಕಾಗಿಯೇ: ನಿಮ್ಮ ಕೈಯ ಸೆಟ್ಟಿನ ಕ್ಷೀಣ ದನಿಯನ್ನು ಅದು ಮೇಲಿನಿಂದ ಹಿಡಿದು, ಮತ್ತೊಂದು ಆವರ್ತನದಲ್ಲಿ ಬಲವಾಗಿ ಮರಳಿ ಹರಡುತ್ತದೆ. ಕೈಯ ಸೆಟ್ಟಿಗೆ ಎಷ್ಟು ಹಣ ಸುರಿದರೂ ಆ ಎತ್ತರ ಬರುವುದಿಲ್ಲ.

ವಿಎಚ್‌ಎಫ್ ಬಯಲಿಗೂ ಗುಡ್ಡಗಾಡಿಗೂ ಹೊಂದುತ್ತದೆ, ಯುಎಚ್‌ಎಫ್ ಕಟ್ಟಡಗಳ ಒಳಗೆ ಕಿಟಕಿ ಬಾಗಿಲುಗಳಿಂದ ಚೆನ್ನಾಗಿ ನುಸುಳುತ್ತದೆ. ಮಂಡ್ಯ ಸೀಮೆಯವರು ಗಮನಿಸಬೇಕಾದ ವಿಷಯವೆಂದರೆ, ಆಳೆತ್ತರ ಬೆಳೆದ ಕಬ್ಬಿನ ಗದ್ದೆ ಮಳೆಯಲ್ಲಿ ನೆನೆದಿದ್ದರೆ ಯುಎಚ್‌ಎಫ್ ತರಂಗವನ್ನು ಬಹಳವಾಗಿ ಹೀರಿಕೊಳ್ಳುತ್ತದೆ. ಗದ್ದೆಯ ಬದುವಿನಿಂದ ಮಾತು ಸಾಗದಿದ್ದರೆ ನಾಲೆಯ ಏರಿ ಹತ್ತಿ ಪ್ರಯತ್ನಿಸಬೇಕು.

ಕಾನೂನಿನೊಳಗೆ ನಿಮಗಿರುವ ದಾರಿಗಳು ಎರಡು. 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಪರವಾನಗಿ ಬೇಡ. ಅವುಗಳಿಗೆ ಇಟಿಎ ಎಂಬ ಮಾದರಿ ಅನುಮೋದನೆ ಇರಬೇಕು. ಇಲಾಖೆಯ ಜಾಲಕ್ಕೆ ಇವು ಸೇರಲಾರವು. ನೀವು 5 ವ್ಯಾಟಿನದೆಂದು ನೋಡಿರುವ ಸೆಟ್ ಈ ವಿನಾಯಿತಿಯೊಳಗೆ ಬರುವುದಿಲ್ಲ. ಬಾವೊಫೆಂಗ್ ಯುವಿ-5ಆರ್ ಮಾದರಿಯ ಸೆಟ್ಟು 136ರಿಂದ 174 ಮೆಗಾಹರ್ಟ್ಸ್‌ವರೆಗೂ, 400ರ ಮೇಲಿನ ವಿಸ್ತಾರವಾದ ಪಟ್ಟಿಯಲ್ಲಿಯೂ ಪ್ರಸಾರ ಮಾಡಬಲ್ಲದು. ಅದರ ಆಕರ್ಷಣೆಯೂ ಅದೇ, ಅಪಾಯವೂ ಅದೇ. ಆನ್‌ಲೈನಿನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಕಾನೂನುಬದ್ಧವೆಂದು ತಿಳಿಯಬೇಡಿ; ಇಂಥ ಮಾರಾಟವನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಎರಡನೆಯ ದಾರಿ ಹವ್ಯಾಸಿ ರೇಡಿಯೊ, ನಾವು ಹ್ಯಾಮ್ ಎನ್ನುವುದು. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಪರವಾನಗಿಯ ಕೆಳಗಿನ ದರ್ಜೆಯಾದ ನಿರ್ಬಂಧಿತ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಾಗಿಲ್ಲ. ಮೋಟಾರ್ ವೈಂಡಿಂಗ್ ಮಾಡುವ ನಿಮಗೆ ಸುರುಳಿ, ಪ್ರೇರಕತೆ, ಓಮನ ನಿಯಮ ಇವೆಲ್ಲ ದಿನನಿತ್ಯದ ಮಾತು. ಆ ಭಾಗ ನೀರು ಕುಡಿದಷ್ಟು ಸುಲಭವಾದೀತು. ಪರವಾನಗಿ ಬಂದ ಮೇಲೆ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಿಮ್ಮದೇ ಸೆಟ್ ಬಳಸಬಹುದು. ಆದರೆ ಅದು ಪೊಲೀಸ್ ಅಥವಾ ಅಗ್ನಿಶಾಮಕ ಚಾನೆಲ್ಲಿಗೆ ಪ್ರವೇಶಪತ್ರವಲ್ಲ. ಅದರ ಬೆಲೆ ತಿಳಿಯುವುದು ಉಳಿದೆಲ್ಲ ಸಂಪರ್ಕ ಸತ್ತಾಗ. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರೂ ಅವರ ತಂಡವೂ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದ್ದು ಹ್ಯಾಮ್ ರೇಡಿಯೊದಿಂದಲೇ.

ನಾಲೆ_ಏರಿ (ಮಂಡ್ಯ):

ನಾನು ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡುವವಳು. ಜಾತ್ರೆ, ಓಟದ ಸ್ಪರ್ಧೆಗಳಲ್ಲಿ ವೈದ್ಯಕೀಯ ತಂಡದೊಂದಿಗೆ ಪರವಾನಗಿ ಬೇಡದ 446ರ ಸೆಟ್ಟುಗಳನ್ನು ಬಳಸಿದ್ದೇನೆ. ಒಂದು ಮೈದಾನದೊಳಗೆ ಅವು ಧಾರಾಳವಾಗಿ ಸಾಲುತ್ತವೆ. ಸೆಟ್ ಯಾವುದೇ ಇರಲಿ, ಕನ್ನಡದಲ್ಲಿ ಮಾತಾಡುವವರಿಗೆ ಒಂದು ಮಾತು ಹೇಳಲೇಬೇಕು.

ನಮ್ಮ ಭಾಷೆಯಲ್ಲಿ ಬೇಡ ಎಂಬುದು ಕ್ರಿಯಾಪದದ ಬಾಲದಲ್ಲಿ ಬರುತ್ತದೆ. ಆತುರದಲ್ಲಿ ಎಲ್ಲರೂ ಕೊನೆಯ ಅಕ್ಷರ ಮುಗಿಯುವ ಮೊದಲೇ ಗುಂಡಿ ಬಿಡುತ್ತಾರೆ. ಒಮ್ಮೆ "ಸ್ಟ್ರೆಚರ್ ಕಳುಹಿಸಬೇಡಿ" ಎಂದು ನಾನು ಹೇಳಿದ್ದು ಆ ಕಡೆಗೆ "ಸ್ಟ್ರೆಚರ್ ಕಳುಹಿಸ" ಎಂದಷ್ಟೇ ಮುಟ್ಟಿತು. ಇದ್ದ ಒಂದೇ ಸ್ಟ್ರೆಚರ್ ಬೇಕಾದ ಜಾಗ ಬಿಟ್ಟು ನನ್ನ ಬಳಿಗೆ ಬಂತು. ಅಂದಿನಿಂದ ನಾನು "ಬೇಡ, ಬೇಡ, ಸ್ಟ್ರೆಚರ್ ಬೇಡ" ಎಂದೇ ಹೇಳುತ್ತೇನೆ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಆರಂಭಿಸಬೇಕು, ಮುಗಿದ ಮೇಲೂ ಒಂದು ಕ್ಷಣ ತಡೆದು ಬಿಡಬೇಕು. ಸೆಟ್ಟಿನಲ್ಲಿ ಮೂರು, ಆರು, ನೂರು ಒಂದೇ ರೀತಿ ಕೇಳುತ್ತವೆ. ಸಂಖ್ಯೆಯನ್ನು ಎರಡು ಸಲ ಹೇಳಿ, ಎದುರಿನವರಿಂದ ಮರಳಿ ಹೇಳಿಸಿಕೊಳ್ಳಿ.

ಇನ್ನೊಂದು. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ನಾಲೆಯ ಏರಿಯ ಮೇಲೆ ಅಗ್ನಿಶಾಮಕ ದಳ, ಪೊಲೀಸರು, ಆಂಬ್ಯುಲೆನ್ಸ್, ಈಜು ಬಲ್ಲ ಊರಿನ ಹುಡುಗರು ಎಲ್ಲರೂ ಸೇರುವಾಗ ಒಬ್ಬರ ಸೆಟ್ ಇನ್ನೊಬ್ಬರಿಗೆ ಕೇಳುವುದಿಲ್ಲ. ಅಲ್ಲಿ ಹೊಸ ಸೆಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವವರು, ಪ್ರತಿ ತಂಡದಿಂದ ಒಬ್ಬರಂತೆ ಒಂದೇ ಕಡೆ ಅಕ್ಕಪಕ್ಕ ನಿಂತು, ಸುದ್ದಿಯನ್ನು ಬಾಯಿಂದ ಬಾಯಿಗೆ ದಾಟಿಸುವವರು.

ಪಶ್ಚಿಮವಾಹಿನಿ (ಶ್ರೀರಂಗಪಟ್ಟಣ):

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಆನ್‌ಲೈನಿನ ಸೆಟ್ ಕೊಳ್ಳುವ ಯೋಚನೆ ಬಿಟ್ಟಿದ್ದೇನೆ. ಮನವಿಯನ್ನು ಇಂದು ರಾತ್ರಿಯೇ ಬರೆಯುತ್ತೇನೆ, ಹ್ಯಾಮ್ ಪರೀಕ್ಷೆಗೂ ಕೂರುತ್ತೇನೆ. ಇನ್ನೆರಡು ಸಂದೇಹ ಉಳಿದಿವೆ. ಮಾತಾಡದೆ ಕೇವಲ ಕೇಳಲು ಒಂದು ಸೆಟ್ ಇಟ್ಟುಕೊಂಡರೆ ತಪ್ಪೇ? ಕೂಡಿಟ್ಟಿದ್ದ ಮೂರು ಸಾವಿರವನ್ನು ಈ ಕೆಲಸಕ್ಕೇ ಬಳಸಬೇಕೆಂಬ ಆಸೆಯಿದೆ. ಬೇರೆ ಏನನ್ನಾದರೂ ಕೊಳ್ಳಬಹುದೇ?

ನಿಸ್ತಂತು_ನಿವೃತ್ತ (ಮೈಸೂರು):

ಕೇಳಲು ಮಾತ್ರ ಎಂದರೂ ತಪ್ಪೇ. ಪ್ರಸಾರ ಮಾಡಬಲ್ಲ ಸೆಟ್ ನಿಮ್ಮ ಬಳಿ ಇದೆಯೆಂಬುದೇ ಪ್ರಶ್ನೆಯಾಗುತ್ತದೆ, ನೀವು ಗುಂಡಿ ಒತ್ತಿದಿರೋ ಇಲ್ಲವೋ ಎಂಬುದಲ್ಲ. ಇಲಾಖೆಯ ಸಂದೇಶಗಳನ್ನು ಅನುಮತಿಯಿಲ್ಲದೆ ಆಲಿಸುವುದೂ ಸರಿಯಲ್ಲ.

ಹಣದ ವಿಷಯಕ್ಕೆ ಬಂದರೆ, ಕರ್ತವ್ಯಕ್ಕೆ ಕೊಡುವ ಸೆಟ್ಟಿಗೆ ಹೊಂದುವ ಸಾಮಗ್ರಿಗಳನ್ನು ಅಧಿಕಾರಿಗಳ ಒಪ್ಪಿಗೆ ಪಡೆದು ಕೊಳ್ಳಿ. ಎದೆಯ ಮೇಲೆ ಸೆಟ್ಟನ್ನು ಹಿಡಿದಿಡುವ ಪಟ್ಟಿ ನೀರಿನ ಅಂಚಿನಲ್ಲಿ ನಿಲ್ಲುವವರಿಗೆ ಬಹಳ ಉಪಯುಕ್ತ, ಎರಡೂ ಕೈ ಬಿಡುವಾಗಿರುತ್ತವೆ. ಹೊಳೆಯ ಭೋರ್ಗರೆತದಲ್ಲಿ ಸೆಟ್ಟಿನ ಸ್ಪೀಕರ್ ಕೇಳಿಸದ ಕಾರಣ ಇಯರ್‌ಪೀಸ್ ಬೇಕೇ ಬೇಕು. ಸಾಧ್ಯವಾದರೆ ಅದೇ ಮಾದರಿಯ ಹೆಚ್ಚುವರಿ ಬ್ಯಾಟರಿ. ತಯಾರಕರು ಹೇಳುವ ಬ್ಯಾಟರಿ ಅವಧಿ ನೂರರಲ್ಲಿ ಐದು ಭಾಗ ಮಾತು, ಐದು ಭಾಗ ಕೇಳುವಿಕೆ, ತೊಂಬತ್ತು ಭಾಗ ಸುಮ್ಮನಿರುವ ಲೆಕ್ಕದ್ದು. ಜಂಬೂಸವಾರಿಯ ದಿನ ಆ ಲೆಕ್ಕ ಮಧ್ಯಾಹ್ನಕ್ಕೇ ತಪ್ಪುತ್ತದೆ.

ಇಯರ್‌ಪೀಸ್ ಕೊಳ್ಳುವ ಮೊದಲು ಸೆಟ್ಟಿನ ಪಕ್ಕದ ರಬ್ಬರ್ ಮುಚ್ಚಳ ಬಿಚ್ಚಿ ಒಳಗಿನ ರಂಧ್ರಗಳ ಚಿತ್ರ ತೆಗೆದುಕೊಂಡು ಹೋಗಿ. ಕೆಲವು ಕಂಪನಿಗಳದು ಒಂದು ಸಣ್ಣ, ಒಂದು ದಪ್ಪ ಎಂದು ಎರಡು ಪಿನ್ನಿನದು, ಕೆಲವರದು ಬೇರೆಯೇ ಆಕಾರದ್ದು, ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಚಿತ್ರ ತೆಗೆದ ಮೇಲೆ ಮುಚ್ಚಳವನ್ನು ಬಿಗಿಯಾಗಿ ಒತ್ತಿಬಿಡಿ, ನೀರು ಮೊದಲು ಒಳಹೊಗುವುದು ಅಲ್ಲಿಂದಲೇ.