ಹಿಮದ ದಾರಿಯಲ್ಲಿ ಫೋರ್ ಬೈ ಫೋರ್ ಗಾಡಿ: ಅನುಭವಸ್ಥರು ತಿಳಿಸಿ

ಪ್ರಶ್ನೆ (ಹುಬ್ಬಳ್ಳಿ): ಜನವರಿಯಲ್ಲಿ ನಮ್ಮದೇ ಫೋರ್ ಬೈ ಫೋರ್ (ಫೋರ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರಗಳನ್ನು ತಿರುಗಿಸುವ) ಜೀಪಿನಲ್ಲಿ ಮನಾಲಿಗೆ ಹೋಗಿ, ಅಲ್ಲಿಂದ ಅಟಲ್ ಸುರಂಗ ದಾಟಿ ಆಚೆ ಬದಿಯ ಸಿಸ್ಸು ಊರಿನವರೆಗೆ ಹೋಗುವ ಯೋಚನೆಯಿದೆ. ಮಳೆಗಾಲದ ಆಗುಂಬೆ, ಚಾರ್ಮಾಡಿ ಘಾಟಿಗಳು ನನಗೆ ರೂಢಿ. ಹಿಮದ ಮೇಲೆ ಮಾತ್ರ ಎಂದೂ ಓಡಿಸಿಲ್ಲ. ಇಂಥ ಗಾಡಿಗೂ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಬೇಕಾಗುತ್ತದೆಯೇ?

ಉತ್ತರ (ಮೈಸೂರು): ಚೈನ್ ಖಂಡಿತ ಒಯ್ಯಿರಿ. ಹಿಮ ಸುರಿಯುವ ದಿನಗಳಲ್ಲಿ ಮನಾಲಿಗೂ ಸುರಂಗಕ್ಕೂ ನಡುವಿನ ಸೋಲಂಗ್‌ನಿಂದ ಮೇಲಕ್ಕೆ ಪೊಲೀಸರು ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಬಿಡುವುದುಂಟು. ಅದನ್ನು ಸುರಕ್ಷತೆಯ ಭರವಸೆಯೆಂದು ದಯವಿಟ್ಟು ತಿಳಿಯಬೇಡಿ. ನಾಲ್ಕೂ ಚಕ್ರಗಳಿಗೆ ಎಳೆತವಿರುವುದು ಏರು ಹತ್ತಲು ನೆರವಾಗುತ್ತದೆ. ಬ್ರೇಕಾದರೋ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದರಿಂದ, ನಿಲ್ಲಿಸುವ ವಿಷಯದಲ್ಲಿ ನಿಮ್ಮ ಜೀಪಿಗೆ ಯಾವ ಹೆಚ್ಚುಗಾರಿಕೆಯೂ ಇಲ್ಲ.

ಇದನ್ನು ನಾನು ಒಂದು ಫೆಬ್ರವರಿಯ ಸಂಜೆ, ಸುರಂಗದ ದಕ್ಷಿಣ ಬಾಗಿಲಿನಿಂದ ಸೋಲಂಗ್ ಕಡೆಗೆ ಇಳಿಯುವಾಗ ಕಲಿತೆ. ರಸ್ತೆ ಮಳೆಯಲ್ಲಿ ನೆನೆದ ಡಾಂಬರಿನಂತೆ ಕಪ್ಪಗಿತ್ತು. ಬಿಸಿಲು ಬೀಳದ ಒಂದು ತಿರುವಿನಲ್ಲಿ ಟೈರಿನ ಸದ್ದು ತಟ್ಟನೆ ಅಡಗಿ, ಸ್ಟಿಯರಿಂಗ್ ಕೈಯಲ್ಲಿ ಹಗುರಾಯಿತು. ಗಾಬರಿಯಿಂದ ಬ್ರೇಕ್ ಒತ್ತಿದೆ. ಪೆಡಲ್ ಪಾದದಡಿ ಗಡಗಡ ನಡುಗಿತು, ಗಾಡಿ ಮಾತ್ರ ಜಾರುತ್ತಲೇ ಹೋಗಿ ರಸ್ತೆಯಂಚಿನ ಹಿಮದ ದಿಬ್ಬಕ್ಕೆ ಒರಗಿ ನಿಂತಿತು. ದಿಬ್ಬವಿದ್ದದ್ದು ನಮ್ಮ ಪುಣ್ಯ. ಬ್ಲ್ಯಾಕ್ ಐಸ್ ಎನ್ನುವುದು ಇದನ್ನೇ: ಹಗಲು ಕರಗಿದ ನೀರು ಸಂಜೆಗೆ ಗಾಜಿನಂತೆ ಹೆಪ್ಪುಗಟ್ಟಿ, ಕೆಳಗಿನ ಡಾಂಬರಿನ ಬಣ್ಣವನ್ನೇ ತೋರಿಸುತ್ತದೆ. ಆದ್ದರಿಂದ ಮಧ್ಯಾಹ್ನ ಮೂರರೊಳಗೆ ಮರಳಿ ಹೊರಡಿ, ಮೊದಲನೆಯ ಅಥವಾ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಿರಿ, ವೇಗವನ್ನು ತಿರುವಿಗೆ ಮುಂಚೆಯೇ ತಗ್ಗಿಸಿ. ತೀರ ಕಡಿದಾದ ಇಳಿಜಾರಿಗೆ ಫೋರ್ ಲೋ (ನಾಲ್ಕೂ ಚಕ್ರಗಳನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರು) ಇದೆ.

2020ರಲ್ಲಿ ತೆರೆದ ಈ ಸುರಂಗ 3,000 ಮೀಟರಿಗಿಂತ ಎತ್ತರದಲ್ಲಿದ್ದು, 9.02 ಕಿಲೋಮೀಟರ್ ಉದ್ದವಿದೆ. ಒಳಗಿನ ರಸ್ತೆ ಒಣಗಿರುತ್ತದೆ, ಉತ್ತರದ ಬಾಗಿಲಾಚೆ ಒಮ್ಮೆಲೇ ಹಿಮ ಎದುರಾಗಬಹುದು. ಹಳೆಯ ಮಾದರಿಯ, ಬೇಕಾದಾಗಷ್ಟೇ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್ ನಿಮ್ಮದಾದರೆ, ಒಣ ರಸ್ತೆಯಲ್ಲಿ ಅದನ್ನು ಹಾಕಿ ತಿರುವು ತೆಗೆದಾಗ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಜಗ್ಗಿ ಗೇರ್ ವ್ಯವಸ್ಥೆಗೆ ಪೆಟ್ಟಾಗುತ್ತದೆ. ಒಣ ದಾರಿಯಲ್ಲಿ ಟೂ ಹೈ (ಎರಡೇ ಚಕ್ರಗಳಿಗೆ ಎಳೆತ), ಹಿಮದ ಮೇಲೆ ಫೋರ್ ಹೈ (ನಾಲ್ಕಕ್ಕೂ ಎಳೆತ, ಸಾಮಾನ್ಯ ಗೇರಿನಲ್ಲಿ).

ಉತ್ತರ (ಡೆನ್ವರ್, ಅಮೆರಿಕ): ನಾನು ಟೈರಿನ ವಿಷಯವನ್ನಷ್ಟೇ ಸೇರಿಸುತ್ತೇನೆ. ಇಲ್ಲಿನ ಕೊಲೊರಾಡೊ ರಾಜ್ಯದ ಐ-70 ಹೆದ್ದಾರಿಯ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗೆ ಜಾರಿಯಲ್ಲಿರುವ ಕಾನೂನು, ಫೋರ್ ವೀಲ್ ಡ್ರೈವ್ ಗಾಡಿಯ ಟೈರಿನಲ್ಲೂ ಕನಿಷ್ಠ 3/16 ಅಂಗುಲ, ಅಂದರೆ ಸುಮಾರು 4.8 ಮಿಲಿಮೀಟರ್ ಆಳದ ಗೀರುಗಳಿರಬೇಕೆಂದು ಹೇಳುತ್ತದೆ. ಊರಿನಲ್ಲಿ ‘ಇನ್ನೊಂದು ವರ್ಷ ಓಡುತ್ತದೆ’ ಎನ್ನುವ ಟೈರ್ ಹಿಮಕ್ಕೆ ನಡೆಯದು. ಚೈನ್ ಯಾವ ಚಕ್ರಗಳಿಗೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ, ಮನೆಯಂಗಳದಲ್ಲೇ ಎರಡು ಸಲ ಹಾಕಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ಮರಗಟ್ಟಿದ ಬೆರಳುಗಳಿಂದ ಕೊಂಡಿ ಸಿಕ್ಕಿಸುವುದು ಬಲು ಕಷ್ಟ.

ಉತ್ತರ (ಶಿವಮೊಗ್ಗ): ನಮ್ಮ ಕಡೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾದಾಗ ಬರೀ ನೀರು ತುಂಬುವ ಅಭ್ಯಾಸವಿದೆ. ಆ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳಬಹುದು, ಹೊರಡುವ ಮುನ್ನ ಅದನ್ನು ತೆಗೆದು ಚಳಿಗೆ ಹೆಪ್ಪುಗಟ್ಟದ ಕೂಲೆಂಟ್ ತುಂಬಿಸಿರಿ. ರಾತ್ರಿ ಗಾಡಿಯನ್ನು ಸಮತಟ್ಟಾದ ಕಡೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಎಳೆದ ಹ್ಯಾಂಡ್‌ಬ್ರೇಕ್ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು. ದಾರಿಯಲ್ಲಿ ಸಿಲುಕಿ ಹೀಟರ್ ಹಾಕಿಕೊಂಡು ಕೂರಬೇಕಾಗಿ ಬಂದರೆ, ಮೊದಲು ಕೆಳಗಿಳಿದು ಸೈಲೆನ್ಸರ್ ಬಾಯಿಗೆ ಹಿಮ ಕಟ್ಟಿಲ್ಲವೆಂದು ನೋಡಿ, ಕಟ್ಟಿದ್ದರೆ ಬಿಡಿಸಿ, ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಗಾಡಿಯೊಳಗೆ ಸೇರಬಹುದು, ಅದಕ್ಕೆ ವಾಸನೆಯಿಲ್ಲ.